ಅಣ್ಣ ತಿರುಗಿ ನೋಡದ ಹಾರ್ನ್

ನನಗೆ ಬಾಯಿ ಜೋರು. ಮನೆಯಲ್ಲೂ ಅದೇ ಹೆಸರು, ಊರಲ್ಲೂ ಅದೇ. ಅಂಥವನು ಬಾಯಿ ಬಿಡಲೇಬೇಕಾದ ಒಂದು ವಿಷಯದಲ್ಲಿ ತಿಂಗಳುಗಟ್ಟಲೆ ಬಾಯಿ ಹೊಲಿದುಕೊಂಡು ಕೂತಿದ್ದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಶುರುವಾದದ್ದು ಒಂದು ಸ್ಟೇರಿಂಗಿನಿಂದ. ನಾನು ಕೊಂಡಿದ್ದ ಹಳೆಯ ಕಾರಿನಲ್ಲಿ ಕ್ರೂಸ್ ಇತ್ತು. ಸ್ಟೇರಿಂಗ್ ಮೇಲಿನ ಗುಂಡಿ ಒತ್ತಿ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಓಡುತ್ತದೆ. ತೊಗರ್ಸಿ ಕಡೆಯ ನಮ್ಮ ರಸ್ತೆಗೆ ಅದರ ಅಗತ್ಯ ಏನಿತ್ತೋ ದೇವರೇ ಬಲ್ಲ. ಒಂದು ಫರ್ಲಾಂಗಿಗೆ ಎಮ್ಮೆ ಅಡ್ಡ, ಇನ್ನೊಂದಕ್ಕೆ ಮೆಕ್ಕೆಜೋಳ ಒಣಹಾಕಿದವರು. ಆದರೂ ಕಾರು ಹತ್ತಿದವರಿಗೆಲ್ಲ ಅದನ್ನು ತೋರಿಸದೆ ಇಳಿಸುತ್ತಿರಲಿಲ್ಲ. ಅಷ್ಟು ಸಾಲದೆಂದು ಮೊಬೈಲಿನಲ್ಲಿ ನೋಡಿದ, ಕೆಂಪು ದಾರದ ಹೊಲಿಗೆಯ ಪುಟ್ಟ ಸ್ಟೇರಿಂಗ್ ತರಿಸಿಕೊಂಡೆ. ಹಳೆಯದು ಬಸ್ಸಿನ ಸ್ಟೇರಿಂಗ್ ಇದ್ದ ಹಾಗಿದೆ ಎಂದು ನನಗೆ ಬೇಸರ.

ಶಿಕಾರಿಪುರದ ಮೆಕ್ಯಾನಿಕ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ಹಳೇದು ತೆಗದ್ರೆ ಏರ್‌ಬ್ಯಾಗೂ ಹೋಗ್ತತಿ ನೋಡ್ರಿ. ಮತ್ತೆ ಹಾರ್ನಿಂದು, ಕ್ರೂಸಿಂದು ವೈರು ಬ್ಯಾರೆ ಬ್ಯಾರೆ. ಇದಕ್ಕೆ ಕೂರೋ ಸಾಕೆಟ್ ನನ್ ಹತ್ರ ಒಂದೇ ಐತಿ. ಇವತ್ತು ಹಾರ್ನ್ ಮಾಡಿ ಕೊಡ್ತೀನ್ರೀ. ಮಂಗಳವಾರ ಇನ್ನೊಂದು ಬರ್ತತಿ, ಆಗ ಕ್ರೂಸ್ ಮಾಡಣ.”

ಭಾನುವಾರ ನನ್ನ ಹೆಂಡತಿಯ ತಮ್ಮ ಬರುವವನಿದ್ದ. ಅವನಿಗೆ ತೋರಿಸದಿದ್ದರೆ ಹೊಸ ಸ್ಟೇರಿಂಗ್ ಯಾಕೆ?

“ಬ್ಯಾಡ ಮಾರಾಯ, ಮೊದ್ಲು ಕ್ರೂಸ್ ಮಾಡು” ಎಂದೆ.

“ಹಾರ್ನ್ ಇಲ್ದೆ ಹ್ಯಾಂಗ್ರೀ?”

“ನನ್ ಬಾಯಿಗಿಂತ ದೊಡ್ಡ ಹಾರ್ನ್ ಬೇಕೇನೋ?”

ಅವನು ನಕ್ಕ. ನಾನೂ ನಕ್ಕೆ. ನಾಲಿಗೆ ಕಚ್ಚಿಕೊಳ್ಳುವ ಬುದ್ಧಿ ಆಗ ಬರಲಿಲ್ಲ.

ಇಲ್ಲಿ ಅಣ್ಣನ ವಿಷಯ ಹೇಳಬೇಕು. ಹೊಲ ನನ್ನದು, ಕುರಿ ಅವನದು ಎಂದು ಅಪ್ಪನ ಕಾಲದಲ್ಲೇ ಹಂಚಿಕೆಯಾಗಿತ್ತು. ಹುಡುಗನಾಗಿದ್ದಾಗಿನಿಂದ ಅವನು ಕುರಿ ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ. ಕೆರೆ ಏರಿಯ ತಿರುವಿನಲ್ಲಿ ಯಾರ ಗಾಡಿ ಹಾರ್ನ್ ಹೊಡೆದರೂ ತಿರುಗಿ ನಿಂತು ನೋಡುತ್ತಾನೆ, ಜೋರಾಗಿ ಬಂದರೆ ಬೈಯುತ್ತಾನೆ. ನಾನು ಮಾತ್ರ ತಿರುವಿಗೆ ಮುಂಚೆ ಎರಡು ಸಲ ಚುಟುಕಾಗಿ ಹೊಡೆಯುತ್ತೇನೆ. ಅದು ನಮ್ಮಿಬ್ಬರ ಗುರುತು. ಅದು ಕೇಳಿಸಿದರೆ ಅವನು ಹಿಂತಿರುಗಿಯೂ ನೋಡದೆ “ಹೇಯ್, ಹೇಯ್” ಎನ್ನುತ್ತಾ ಕುರಿಗಳನ್ನು ಎಡಕ್ಕೆ ಒತ್ತುತ್ತಾನೆ. ತಮ್ಮ ಬಂದನೆಂದರೆ ನೋಡುವುದೇನಿದೆ ಎಂಬ ಹಾಗೆ.

ಭಾನುವಾರ ಭಾಮೈದನನ್ನು ಗುಡವಿಗೆ ಹಕ್ಕಿ ನೋಡಲು ಕರೆದುಕೊಂಡು ಹೋದೆ. ವಾಪಸು ಬರುವಾಗ ಮಧ್ಯಾಹ್ನ ಮೂರು ಗಂಟೆ. ಬಿಸಿಲೆಂದು ಗಾಜು ಏರಿಸಿ ಎಸಿ ಹಾಕಿದ್ದೆ. ಊರು ಹತ್ತಿರವಾದಾಗ ಕ್ರೂಸ್ ಒತ್ತಿ, ಬಲಗಾಲನ್ನು ಮಡಚಿ ಸೀಟಿನ ಮೇಲೇ ಇಟ್ಟುಕೊಂಡೆ.

“ಭಾವ, ಕಾಲು ಕೆಳಗಿಡಿ, ಹೆದ್ರಿಕೆ ಆಗ್ತದೆ” ಎಂದ ಅವನು.

“ಸುಮ್ನೆ ಕೂತ್ಕಳಾ, ಅದೇ ಓಡ್ತದೆ!”

ತಿರುವು ಬಂತು. ಅಭ್ಯಾಸದಂತೆ ಹೆಬ್ಬೆರಳು ಸ್ಟೇರಿಂಗಿನ ನಡುವೆ ಎರಡು ಸಲ ಒತ್ತಿತು. ಸದ್ದಿಲ್ಲ. ಎದುರಿಗೆ ರಸ್ತೆ ತುಂಬ ಕುರಿ, ಅವುಗಳ ಹಿಂದೆ ಅಣ್ಣನ ಬೆನ್ನು. “ಅಣ್ಣಾ!” ಎಂದು ಕಿರುಚಿದೆ. ಮುಚ್ಚಿದ ಗಾಜಿನೊಳಗೆ ಆ ಕೂಗು ನನಗೂ ಭಾಮೈದನಿಗೂ ಮಾತ್ರ ಕೇಳಿಸಿತು. ಮಡಚಿದ ಕಾಲು ಬ್ರೇಕಿಗೆ ಇಳಿಯುವಷ್ಟರಲ್ಲಿ ಒಂದು ಕುರಿ ಅಡಿಗೆ ಬಿತ್ತು, ಬಂಪರ್ ಅಣ್ಣನ ಕಾಲಿಗೆ ಬಡಿಯಿತು. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆ ಅಣ್ಣನೇ ಹೇಳಿದ: “ತಮ್ಮಂದೇನೂ ತಪ್ಪಿಲ್ರೀ. ಅವ್ನು ಹಾರ್ನ್ ಹೊಡೀದೆ ಬರೋನಲ್ಲ. ನಂಗೇ ಕೇಳ್ಲಿಲ್ಲ.”

ಭಾಮೈದ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಅಣ್ಣ ನನ್ನನ್ನು ಉಳಿಸಲು ಹಾಗೆಂದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವನು ಅದನ್ನು ನಂಬಿದ್ದ! ಮಂಗಳವಾರ ಕದ್ದು ಹೋಗಿ ಹಾರ್ನ್ ಸರಿ ಮಾಡಿಸಿಕೊಂಡು ಬಂದೆ, ಥೂ ನನ್ನ ಜನ್ಮಕ್ಕೆ. ಅಣ್ಣ ಕಟ್ಟೆಯ ಮೇಲೆ ಪ್ಲಾಸ್ಟರಿನ ಕಾಲು ಚಾಚಿ ಕೂತು, ಬಂದವರಿಗೆಲ್ಲ ದೂರದ ಸದ್ದಿಗೆ ಕಿವಿ ಹೋಯಿತೆಂದು ಹೇಳುತ್ತಿದ್ದ. ಜನರೂ ಅವನ ಹತ್ತಿರ ಜೋರಾಗಿ ಮಾತಾಡತೊಡಗಿದರು. ಕುರಿಯ ಹಿಂದೆ ಅತ್ತಿಗೆ ಹೋಗುತ್ತಿದ್ದಳು.

ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಅತ್ತಿಗೆ ಬಂದು, “ಕುರಿ ಎಲ್ಲ ಕೊಟ್‌ಬಿಡ್ತಾರಂತೆ. ಕಾಲು ಕೂಡ್ಕಂತದೆ, ಕಿವಿ ಇಲ್ದೋನು ರಸ್ತೇಲಿ ಕುರಿ ಹೊಡೀಬಾರ್ದು ಅಂತಾರೆ. ರಾತ್ರಿ ಊಟಾನೂ ಸರಿ ಮಾಡಿಲ್ಲ” ಎಂದಳು. ಮಾರನೆಯ ದಿನ ಕುರಿ ನೋಡುವವರು ಬರುವವರಿದ್ದರು.

ಆಗಲೂ ನಾನು ಹೇಳಲಿಲ್ಲ. ಅಣ್ಣನೇ ಕರೆದ. “ಕೊಡಾಕೆ ಮುಂಚೆ ಒಂದ್ಸಲ ನೋಡಣ ಕಣೋ. ತಿರುವಿಗೆ ಹೋಗಿ ಹೊಡಿ.”

ಹೋದೆ. ಎರಡು ಸಲ ಒತ್ತಿದೆ. ವಾಪಸು ಬಂದಾಗ ಕಟ್ಟೆಯ ಮೇಲೆ ಅವನು ಕೈ ಎತ್ತಿಕೊಂಡೇ ಕೂತಿದ್ದ. ಮುಖ ಅರಳಿತ್ತು.

“ಕೇಳ್ತು ಕಣೋ! ಇಲ್ಲೀವರೆಗೂ ಕೇಳ್ತು! ಮತ್ತೆ ಅವತ್ತು ಯಾಕೆ ಕೇಳ್ಲಿಲ್ಲ?”

“ಅವತ್ತು ಹಾರ್ನ್ ಇರ್ಲಿಲ್ಲ ಅಣ್ಣಾ” ಎಂದೆ. ಆಮೇಲೆ ಎಲ್ಲ ಹೇಳಿದೆ. ಮೆಕ್ಯಾನಿಕ್ ಕೇಳಿದ್ದು, ನಾನು ಕ್ರೂಸ್ ಮಾಡು ಅಂದದ್ದು, ಸೀಟಿನ ಮೇಲೆ ಮಡಚಿಟ್ಟ ಕಾಲು.

ಅವನು ಹೊಡೆದಿದ್ದರೆ ಒಳ್ಳೆಯದಿತ್ತು. ಪ್ಲಾಸ್ಟರಿನ ಮೇಲೆ ಉಗುರು ಆಡಿಸಿದ. “ಇಷ್ಟು ದಿನ ನನ್ ಕಿವೀನ ಬೈಕೊಂಡ್ನಲ್ಲೋ” ಎಂದ, ಅಷ್ಟೇ.

ಕುರಿ ಮಾರಲಿಲ್ಲ. ಹಳೆಯ ಸ್ಟೇರಿಂಗನ್ನೇ ಹಾಕಿಸಿದೆ. ಅಣ್ಣ ಸ್ವಲ್ಪ ಕುಂಟುತ್ತಾ ಮತ್ತೆ ಕುರಿಯ ಹಿಂದೆ ಹೋಗುತ್ತಾನೆ, ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಾನೆ. ತಿರುವಿಗೆ ಮುಂಚೆ ನಾನು ಎರಡು ಸಲ ಹೊಡೆಯುತ್ತೇನೆ. ಅವನು ನಿಂತು, ತಿರುಗಿ, ಕಾರನ್ನು ನೋಡಿ, ಆಮೇಲೆ ಕುರಿಗಳನ್ನು ಎಡಕ್ಕೆ ಒತ್ತುತ್ತಾನೆ.