ಪಕ್ಕದ ಎರಡು ಚಕ್ರ

ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು ಮೆಕ್ಯಾನಿಕ್ ಮಾವ. ಕಿವಿಗಿಂತ ಹಲ್ಲಿಗೇ ಚೆನ್ನಾಗಿ ಕೇಳಿಸುತ್ತದೆ ಎನ್ನುತ್ತಿದ್ದರು.

ಗುಂಡ್ಲುಪೇಟೆಯಲ್ಲಿ ನಮ್ಮ ಮನೆಯ ಎದುರೇ ಅವರ ಗ್ಯಾರೇಜು. ಪೋಲಿಯೋ ಬಂದು ನನ್ನ ಎಡಗಾಲು ಸಣ್ಣಗಾಗಿತ್ತು. ಕೇರಳದ ದಾರಿಯಲ್ಲಿರುವ ಮದ್ದೂರಿನ ಕಡೆಯ ಶಾಲೆಗೆ ಟೀಚರಾದ ಮೇಲೆ ಬಸ್ಸು ಹತ್ತಿಳಿಯುವುದೇ ಪಾಡಾಯಿತು. ಆಗ ನನ್ನ ಸ್ಕೂಟರಿನ ಹಿಂಬದಿಗೆ, ಅತ್ತ ಒಂದು ಇತ್ತ ಒಂದು ಚಿಕ್ಕ ಚಕ್ರ ಕೂರಿಸಿಕೊಟ್ಟವರು ಮಾವ. "ಮೊದ್ಲು ಬೀಳ್ಬಾರ್ದು, ಆಮೇಕೆ ಓಡ್ಬೇಕು. ಗಾಡಿ ಅಂದ್ರೆ ಅಷ್ಟೇ ಕಣಮ್ಮಿ" ಅಂದರು.

ಶಾಲೆಯ ಮಕ್ಕಳು ಇದು ಸ್ಕೂಟರೋ ಆಟೋನೋ ಎಂದು ಕೇಳಿದರು. ಒಂದು ಸಂಜೆ ಹೋಗಿ, ಮಕ್ಕಳು ನಗುತ್ತಾರೆ, ಆ ಚಕ್ರ ಬಿಚ್ಚಿಬಿಡಿ ಮಾವ ಎಂದೆ. ಅವರು ಬೇಡವೆನ್ನಲಿಲ್ಲ. ಸ್ಪ್ಯಾನರ್ ತೆಗೆದುಕೊಂಡವರು, ಪೆಟ್ರೋಲ್ ಇಂಜಿನ್ನಿನ ಬೈಕನ್ನು ಮೊಟ್ಟಮೊದಲು ಮಾಡಿದವನು ಅದಕ್ಕೆ ಎಷ್ಟು ಚಕ್ರ ಹಾಕಿದ್ದ ಎಂದು ಕೇಳಿದರು. ಎರಡೇ ಇರಬೇಕೆಂದು ಮೊಬೈಲಿನಲ್ಲಿ ಹುಡುಕಿದೆ.

ಜರ್ಮನಿಯವನೊಬ್ಬ ಮರದ ಚೌಕಟ್ಟಿಗೆ ಇಂಜಿನ್ ಕೂರಿಸಿದ್ದನಂತೆ. ಅದನ್ನೇ ಮೊದಲ ಮೋಟಾರ್ ಸೈಕಲ್ ಅನ್ನುತ್ತಾರೆ. ಆದರೆ ಬೀಳದಿರಲೆಂದು ಅದರ ಎರಡು ಪಕ್ಕಕ್ಕೂ ಪುಟ್ಟ ಚಕ್ರ. ಮೊದಲ ಸವಾರಿಯಲ್ಲೇ ಸೀಟಿಗೆ ಬೆಂಕಿ ಹತ್ತಿತ್ತಂತೆ. ಅದೇ ಕಾಲಕ್ಕೆ ಅದೇ ದೇಶದ ಇನ್ನೊಬ್ಬ ಮೂರು ಚಕ್ರದ್ದನ್ನು ಓಡಿಸಿದ್ದ. ಇಂಗ್ಲೆಂಡಿನಲ್ಲಿ ಮತ್ತೊಬ್ಬ ಮೂರು ಚಕ್ರದ್ದರ ನಕ್ಷೆ ಬರೆದಿಟ್ಟಿದ್ದ. ಯಾರು ಮೊದಲು, ಯಾವುದನ್ನು ಬೈಕ್ ಅನ್ನಬೇಕು? ಓದಿದಷ್ಟೂ ಗೊಂದಲ.

ನಾನು ಓದಿ ಹೇಳಿದ್ದನ್ನೆಲ್ಲ ಕೇಳಿ ಮಾವ ಸ್ಪ್ಯಾನರ್ ಕೆಳಗಿಟ್ಟರು. "ಅಂಗಾರೆ ಮೊದ್ಲು ಮಾಡ್ದೋನ್ಗೂ ಬೀಳೋ ಬಯ ಇತ್ತಾ?"

ಇದ್ದಿರಬೇಕು ಎಂದೆ.

"ಅವುನ್ಗೆ ನಾಚ್ಕೆ ಆಗ್ನಿಲ್ವಾ?"

ಚಕ್ರ ಬಿಚ್ಚಿಸದೆ ಮನೆಗೆ ಬಂದೆ.

ಹೋದ ವರ್ಷ ಎದೆನೋವೆಂದು ಮಲಗಿದ ಮಾವ ಏಳಲೇ ಇಲ್ಲ. ನನಗೆ ಕುದೇರಿನ ಶಾಲೆಗೆ ವರ್ಗವಾಯಿತು. ಈಗ ಚಾಮರಾಜನಗರದಲ್ಲಿ ಮನೆ. ಕಳೆದ ತಿಂಗಳು ಬೇರಿಂಗ್ ಹೋಯಿತೆಂದು ಇಲ್ಲಿಯ ಮೆಕ್ಯಾನಿಕ್ ಹುಡುಗನ ಹತ್ತಿರ ಗಾಡಿ ಬಿಟ್ಟೆ. ಎಡಗಡೆಯ ಚಕ್ರವನ್ನು ಹೆಬ್ಬೆರಳಗಲ ಕೆಳಗೆ ಕೂರಿಸಿದ್ದಾರೆ, ಅಳತೆ ತಪ್ಪಿದೆ ಎಂದು ಅವನು ಎರಡನ್ನೂ ಸಮ ಮಾಡಿಕೊಟ್ಟ. ಆ ದಿನ ಕುದೇರಿನ ದಾರಿಯುದ್ದಕ್ಕೂ ಸ್ಕೂಟರು ಎಡಕ್ಕೆ ಎಳೆಯಿತು. ನಾನು ಎಡಕ್ಕೆ ವಾಲಿ ಕೂರುತ್ತೇನೆಂದು ನನಗೇ ತಿಳಿದದ್ದು ಆವತ್ತು.

ಮಾವನಿಗೆ ಅದು ಗೊತ್ತಿದ್ದೇ ಆ ಚಕ್ರವನ್ನು ಕೆಳಗಿಳಿಸಿದ್ದರೇ? ಇಲ್ಲಾ, ನಿಜಕ್ಕೂ ಅಳತೆಯೇ ತಪ್ಪಿತ್ತೇ? ಕೇಳೋಣವೆಂದರೆ ಅವರಿಲ್ಲ. ಮರುದಿನ ಮತ್ತೆ ಹೋಗಿ, ಮೊದಲು ಹೇಗಿತ್ತೋ ಹಾಗೇ ಕೂರಿಸಿಕೊಡಪ್ಪ ಎಂದೆ.

"ಅದು ತಪ್ಪಾಯ್ತದೆ ಮೇಡಂ" ಅಂದ ಆ ಹುಡುಗ.

ಆಗಲಿ, ತಪ್ಪೇ ಇರಲಿ ಎಂದು ಹೇಳಿ, ಅವನು ಮಾಡಿ ಮುಗಿಸುವವರೆಗೆ ಅಲ್ಲೇ ನಿಂತಿದ್ದೆ.