ವಿನಂತಿಯಲ್ಲ, ಪಾಲು

ನಿವೃತ್ತಿಯಾದ ಮೇಲೆ ನನ್ನನ್ನು ಇನ್ಯಾರು ಕೆಲಸಕ್ಕೆ ಕರೀತಾರೆ ಅಂದುಕೊಂಡು ಮಲ್ಲೇಶ್ವರದ ಮನೆಯಲ್ಲಿ ಹಾಯಾಗಿದ್ದೆ. ಹೋದ ವರ್ಷ ಒಂದು ಬೆಳಗ್ಗೆ ಹಳೆಯ ಶಿಷ್ಯೆಯೊಬ್ಬಳ ಫೋನ್ ಬಂತು. ಹಳ್ಳಿಗಳ ಕೆರೆ ಉಳಿಸುವ ಸಂಸ್ಥೆಯಲ್ಲಿದ್ದಾಳೆ.

"ಮೇಡಂ, ನಿಮ್ಮನೇಲಿ ತೆಲುಗು ಅಲ್ವಾ? ಶನಿವಾರ ಒಂದು ಮೀಟಿಂಗಿದೆ, ಅನುವಾದ ಮಾಡ್ಕೊಡ್ತೀರಾ? ನಿಮ್ಮ ಹಿಂದಿನ ಕ್ರಾಸಲ್ಲೇ, ನಮ್ಮ ಆಫೀಸಲ್ಲಿ."

ಹಿಂದಿನ ಕ್ರಾಸಿಗೆ ಯಾವ ನೆಪ ಹೇಳೋದು? ಒಪ್ಪಿಕೊಂಡೆ.

ಆಂಧ್ರದ ಗಡಿಯಲ್ಲಿರುವ ಒಂದು ಕೆರೆಯ ಜಗಳ ಅದು. ಏರಿ, ತೂಬು ನಮ್ಮ ಕಡೆಯ ಹಳ್ಳಿಯಲ್ಲಿ. ಕೆಳಗಿನ ಗದ್ದೆಗಳಲ್ಲಿ ಅರ್ಧ ಆಚೆ ರಾಜ್ಯದ ಹಳ್ಳಿಯವರದು. ತೂಬು ನೋಡಿಕೊಳ್ಳುವ ನೀರಗಂಟಿ ಸರದಿಯ ಪ್ರಕಾರ ಎರಡೂ ಊರಿಗೆ ನೀರು ಬಿಡುತ್ತಿದ್ದರು. ಕಾಲುವೆಯ ಹೂಳನ್ನು ಎರಡೂ ಊರಿನವರು ಸೇರಿ ಎತ್ತುತ್ತಿದ್ದರು. ಆಮೇಲೆ ಅಭಿವೃದ್ಧಿ ಬಂತು. ತೂಬಿಗೆ ಕಬ್ಬಿಣದ ಗೇಟು, ಗೇಟಿಗೆ ಬೀಗ, ಬೀಗಕ್ಕೊಂದು ಸಮಿತಿ. ಸಮಿತಿಯಲ್ಲಿ ಈಚೆಯವರೇ ಎಲ್ಲ. ಆಚೆಯವರು ನೀರಿಗೆ ಪ್ರತಿ ಸಲ ಅರ್ಜಿ ಕೊಡಬೇಕಾಯಿತು. ಸಿಟ್ಟಿಗೆದ್ದು ಅವರು ಹೂಳೆತ್ತಲು ಬರುವುದನ್ನೇ ಬಿಟ್ಟರು. ಕಾಲುವೆ ಕಟ್ಟಿಕೊಂಡು ಎರಡೂ ಕಡೆಯ ಗದ್ದೆಗಳು ಒಣಗಿದವು.

ಸಭೆಯಲ್ಲಿ ಸಮಿತಿಯ ಅಧ್ಯಕ್ಷರು ಮೇಜಿನ ಹಿಂದೆ ಕೂತಿದ್ದರು. ಆಚೆಯ ನಾಲ್ವರು ಎದುರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ವೈವಾಗೆ ಬಂದ ಹುಡುಗರ ಹಾಗೆ. ಅವರ ಪರವಾಗಿ ಮಾತಾಡಲು ಎದ್ದವರು ನಲವತ್ತು ದಾಟಿದ ರೈತ ಹೆಂಗಸು. ತೆಲುಗಿನಲ್ಲಿ ಅವರು ಹೇಳಿದ್ದಿಷ್ಟು: "ನಾವು ಯಾವತ್ತೂ ನೀರು ಬೇಡಿದವರಲ್ಲ. ಅದು ನಮ್ಮ ಪಾಲು. ನಮ್ಮ ಪಾಲನ್ನ ನಮಗೇ ದಾನ ಕೊಡ್ತಿದೀರಿ. ಇದು ಸರಿಯಲ್ಲ."

ಅಧ್ಯಕ್ಷರ ಹುಬ್ಬು ಗಂಟಿಕ್ಕಿತ್ತು. ಜೀವಮಾನವೆಲ್ಲ ಮಕ್ಕಳಿಗೆ ಅರ್ಜಿ ಬರೆಯೋದನ್ನು ಕಲಿಸಿದ ಬಾಯಿ ನನ್ನದು. "ತಮ್ಮ ಊರಿಗೆ ನೀರು ಒದಗಿಸಬೇಕೆಂದು ವಿನಂತಿಸುತ್ತಿದ್ದಾರೆ" ಅಂದುಬಿಟ್ಟೆ. ಅಧ್ಯಕ್ಷರ ಮುಖ ಅರಳಿತು. "ಪರಿಶೀಲಿಸೋಣ."

ಅವರ ಹಿಂದೆ ನಿಂತಿದ್ದ ವಯಸ್ಸಾದ ನೀರಗಂಟಿ ಗಂಟಲು ಸರಿ ಮಾಡಿಕೊಂಡರು. "ತಪ್ಪು ತಿಳ್ಕೋಬೇಡಿ ಮೇಡಂ. ಆಯಮ್ಮ ವಿನಂತಿ ಅನ್ಲಿಲ್ಲ. ಪಾಲು ಅಂದ್ಲು."

ನನ್ನ ಕಿವಿ ಬಿಸಿಯಾಯಿತು. "ನಿಮಗೆ ತೆಲುಗು ಬರುತ್ತಾ?"

"ನಮ್ಮನೇಲಿ ತೆಲುಗೇನಮ್ಮ. ಅಧ್ಯಕ್ಷರ ಮನೇಲೂ ಅದೇ."

ಆ ಹೆಂಗಸು ಶುದ್ಧ ಕನ್ನಡದಲ್ಲಿ ಮುಂದುವರಿಸಿದರು: "ನನ್ನ ತವರು ಈಚೆ ಕಡೇನೇ. ಆದ್ರೆ ಇಲ್ಲಿಗೆ ಬಂದು ಕನ್ನಡದಲ್ಲಿ ಕೇಳಿದ್ರೆ ನಮ್ಮೂರೇ ಸೋತಂಗಾಗುತ್ತೆ ಅಂತ ತೆಲುಗಲ್ಲೇ ಮಾತಾಡ್ದೆ."

ಸಭೆಯೇ ನಕ್ಕಿತು. ಬೇರೆ ದಾರಿಯಿಲ್ಲದೆ ಅಧ್ಯಕ್ಷರೂ ನಕ್ಕರು. ನಾನು ಕ್ಷಮೆ ಕೇಳಿ, ಆಕೆ ಹೇಳಿದ್ದನ್ನು ಇದ್ದಂತೆಯೇ ಮತ್ತೆ ಹೇಳಿ ಕೂತೆ. ಅಲ್ಲಿಂದ ಮುಂದೆ ನನಗೆ ಕೆಲಸವೇ ಇರಲಿಲ್ಲ.

ಊಟಕ್ಕೆ ಪುಳಿಯೋಗರೆ, ಮೊಸರನ್ನ. ಅಧ್ಯಕ್ಷರು ಜಗಲಿಯಲ್ಲಿ ಫೋನ್ ಹಿಡಿದಿದ್ದರು. ನೀರಗಂಟಿ ಆ ಹೆಂಗಸಿನ ಪಕ್ಕದಲ್ಲೇ ತಟ್ಟೆ ಹಿಡಿದು ಕೂತರು. ಮೊಸರನ್ನ ಮುಗಿಯೋದರೊಳಗೆ ಒಂದು ಮಾತಾಗಿತ್ತು: ಗೇಟಿಗೆ ಎರಡು ಬೀಗ, ಊರಿಗೊಂದು ಕೀಲಿ. ಇಬ್ಬರೂ ಬಂದರೆ ಮಾತ್ರ ತೆಗೆಯೋದು. ಹೂಳೂ ಇಬ್ಬರೂ ಸೇರಿ ಎತ್ತೋದು.

"ಗೇಟು ನಮ್ಮದಲ್ವಾ?" ಅಂತ ಅಧ್ಯಕ್ಷರು ತಕರಾರು ತೆಗೆದರು.

"ಗೇಟಿಟ್ಕೊಂಡು ಏನ್ ಮಾಡೋದು ಸ್ವಾಮಿ, ಕಾಲುವೇಲಿ ನೀರೇ ಹರೀದಿದ್ರೆ?" ಅಂದರು ನೀರಗಂಟಿ.

ಅಧ್ಯಕ್ಷರು ಒಪ್ಪಿದರು. ಸಮಿತಿಯಲ್ಲಿ ನಮಗೂ ಎರಡು ಸ್ಥಾನ ಬೇಕು ಅಂತ ಆಕೆ ಕೇಳಿದಾಗ ಮಾತ್ರ "ಮುಂದೆ ನೋಡೋಣ" ಅಂದು ಎದ್ದರು.

ಮಳೆಗಾಲ ಮುಗಿದ ಮೇಲೆ ಶಿಷ್ಯೆ ಸುದ್ದಿ ಹೇಳಿದಳು. ಕಾಲುವೆ ಹರಿಯುತ್ತಿದೆ, ಎರಡೂ ಕಡೆ ನಾಟಿಯಾಗಿದೆ. ಸ್ಥಾನಗಳು ಇನ್ನೂ ಸಿಕ್ಕಿಲ್ಲ. ಆ ಹೆಂಗಸು ಬಿಟ್ಟಿಲ್ಲ; ಪ್ರತಿ ಸಭೆಗೂ ಗಡಿ ದಾಟಿ ಬಂದು ಮುಂದಿನ ಸಾಲಲ್ಲೇ ಕೂರುತ್ತಾರಂತೆ.