ಕ್ಯಾಪ್ಟನ್ ಮುಳುಗಿಸಿದ ಹಡಗಿನ ಜನ

ಆಳಂದದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ನೌಕಾಪಡೆಯಿಂದ ನಿವೃತ್ತರಾದವರು. ಊರು ಸರಸಂಬಾ. ಹದಿನೆಂಟು ವರ್ಷದವರೆಗೆ ಕೆರೆಗಿಂತ ದೊಡ್ಡ ನೀರು ನೋಡದ ಮನುಷ್ಯ, ಆಮೇಲೆ ಜಲಾಂತರ್ಗಾಮಿಯೊಳಗೆ ಕೂತು ಹೆಡ್‌ಫೋನಿನಲ್ಲಿ ಸಮುದ್ರದ ಸದ್ದು ಕೇಳುವ ಕೆಲಸ ಮಾಡಿದರು. ನಾನು ಇಲ್ಲಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಹೋದ ವರ್ಷ ಎರಡನೇ ಮಹಾಯುದ್ಧದ ಪಾಠ ಬಂದಾಗ, ಒಂದು ತಾಸು ಬಂದು ಮಾತಾಡಿ ಎಂದು ಅವರನ್ನು ಕೇಳಿಕೊಂಡೆ.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ತಮ್ಮ ಬಗ್ಗೆ ಏನೂ ಹೇಳಲಿಲ್ಲ. ತರಬೇತಿಯ ದಿನಗಳಲ್ಲಿ ಓದಿ ಮನಸೋತಿದ್ದ ಒಬ್ಬ ಜರ್ಮನ್ ಜಲಾಂತರ್ಗಾಮಿ ಕ್ಯಾಪ್ಟನ್ನನ ಕಥೆ ಹೇಳಿದರು. ಮೂವತ್ತು ತುಂಬುವ ಮೊದಲೇ ಜಲಾಂತರ್ಗಾಮಿ ಅವನ ಕೈಗೆ ಬಂದದ್ದು, ಅಟ್ಲಾಂಟಿಕ್‌ನಲ್ಲಿ ಬ್ರಿಟಿಷರ ಸರಕು ಹಡಗುಗಳ ಸಾಲಿನ ನಡುವೆ ನುಸುಳಿ ಟಾರ್ಪೆಡೊ ಬಿಟ್ಟು ಮುಳುಗಿಸಿದ್ದು, ಬಂದರಿನಲ್ಲಿ ಬ್ಯಾಂಡು ಬಾರಿಸಿ ಕೊರಳಿಗೆ ಪದಕ ಹಾಕಿದ್ದು. ಮುಂದೆ ಶತ್ರು ವಿಮಾನಗಳಿಗೆ ರೇಡಾರ್ ಬಂತು. ನೀರಿನ ಮೇಲೆ ಬರುವುದೇ ಕಷ್ಟವಾಯಿತು. ಕೊನೆಗೆ ಬಾಂಬು ಬಿದ್ದು ಜಲಾಂತರ್ಗಾಮಿ ಒಡೆಯಿತು. ಉಳಿದ ಕೆಲವರ ಜೊತೆ ಕ್ಯಾಪ್ಟನ್ ಸೆರೆಸಿಕ್ಕಿ, ಯುದ್ಧ ಮುಗಿಯುವ ತನಕ ಬ್ರಿಟಿಷರ ಶಿಬಿರದಲ್ಲಿದ್ದ. ಹುಡುಗರು ಅಲುಗಾಡದೆ ಕೇಳಿದರು.

ಜೇವರ್ಗಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ‘ಸರ್, ಆ ಸರಕು ಹಡಗಿನ್ಯಾಗ ಇದ್ದ ಮಂದಿ ಏನಾದ್ರು ರಿ?’

ಕಾಕಾ ಅವಳ ಕಡೆ ತಿರುಗಿದರು. ‘ಗೊತ್ತಿಲ್ಲ ತಂಗಿ. ನಾ ಓದಿದ ಪುಸ್ತಕದಾಗ ಹಡಗಿನ ತೂಕ ಬರದಿದ್ರು. ಮಂದೀದು ಬರದಿದ್ದಿಲ್ಲ.’

ಅವತ್ತು ಸಂಜೆ ನಮ್ಮ ಮನೆಗೆ ಬಂದರು. ‘ಸರ್, ನಿಮ್ಮ ಕಂಪ್ಯೂಟರ್ ಸ್ವಲ್ಪ ಬೇಕಾಗಿತ್ರಿ.’

ಒಂದು ವಾರ ಇಬ್ಬರೂ ಕೂತು ಹುಡುಕಿದೆವು. ಕ್ಯಾಪ್ಟನ್ ಮುಳುಗಿಸಿದ ಒಂದು ಹಡಗಿನಲ್ಲಿದ್ದವರ ಪಟ್ಟಿ ಸಿಕ್ಕಿತು. ಅಧಿಕಾರಿಗಳೆಲ್ಲ ಇಂಗ್ಲಿಷರು. ಕೆಳಗೆ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ ಖಲಾಸಿಗಳು ನಮ್ಮ ದೇಶದವರು. ಹೆಚ್ಚಿನವು ಮುಸ್ಲಿಂ ಹೆಸರುಗಳು, ಯಾರೋ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡವು. ಊರಿಲ್ಲ, ತಂದೆಯ ಹೆಸರಿಲ್ಲ. ಹೆಚ್ಚಿನವರ ಮುಂದೆ ‘ಮುಳುಗಿ ಸತ್ತರು’ ಎಂದಿತ್ತು. ಒಂದು ಹೆಸರು ನಮ್ಮ ಬಸ್ ನಿಲ್ದಾಣದಲ್ಲಿ ಚಹಾ ಮಾರುವವನದೇ. ಅದನ್ನು ಓದಿ ಕಾಕಾ ಕನ್ನಡಕ ತೆಗೆದಿಟ್ಟರು.

‘ಸರ್, ಒಮ್ಮೆ ಪ್ರಾಕ್ಟೀಸಿಗಂತ ಒಂದು ಹಳೇ ಹಡಗಿಗೆ ಟಾರ್ಪೆಡೊ ಬಿಟ್ಟಿದ್ವಿ. ಅದರಾಗ ಯಾರೂ ಇದ್ದಿಲ್ರಿ. ನಾ ಹೆಡ್‌ಫೋನಿನ್ಯಾಗ ಕೇಳಾಕತ್ತಿದ್ದೆ. ಮುಳುಗೂವಾಗ ಕಬ್ಬಣ ಮುರಿಯೋ ಸದ್ದು ಭಾಳ ಹೊತ್ತು ಬರ್ತದ. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ.’

ನಾನು ಕಪ್ಪನ್ನು ಅವರ ಹತ್ತಿರ ಸರಿಸಿದೆ. ‘ಚಹಾ ಕುಡೀರಿ ಕಾಕಾ’ ಎಂದೆ.

ಮುಂದಿನ ವಾರ ಅವರೇ ಇನ್ನೊಂದು ತಾಸು ಕೇಳಿ ಪಡೆದರು. ‘ಆವತ್ತು ನಾ ಅರ್ಧಾ ಅಷ್ಟೇ ಹೇಳಿದ್ದೆ’ ಎಂದು ತರಗತಿಯಲ್ಲಿ ಪಟ್ಟಿ ಓದತೊಡಗಿದರು. ಹಿಂದಿನ ಬೆಂಚಿನ ಇಬ್ಬರು, ಮನೆಯಲ್ಲಿ ಉರ್ದು ಮಾತಾಡುವವರು, ಎರಡನೇ ಹೆಸರಿಗೇ ತಡೆದರು. ‘ಸರ್, ಅದು ಹಂಗಲ್ರಿ.’ ಸರಿಯಾಗಿ ಹೇಳಿಕೊಟ್ಟರು. ಕಾಕಾ ಪೆನ್ನು ತೆಗೆದು ಹೆಸರಿನ ಮೇಲೆ ಕನ್ನಡದಲ್ಲಿ ಬರೆದುಕೊಂಡರು. ಹೀಗೆ ಒಂದೊಂದೇ ಹೆಸರು ತಿದ್ದುತ್ತ ಹೋದದ್ದರಿಂದ, ಗಂಟೆ ಬಾರಿಸಿದಾಗ ಪಟ್ಟಿ ಅರ್ಧವೂ ಆಗಿರಲಿಲ್ಲ. ಖಜೂರಿ ಬಸ್ಸಿಗೆ ಹೋಗುವವರು ಎದ್ದು ಹೋದರು. ಉಳಿದವರು ಕೂತು ಮುಗಿಸಿದರು.

‘ಹಂಗಾರ ಆ ಕ್ಯಾಪ್ಟನ್ ಕೆಟ್ಟಾವ ಏನ್ರಿ?’ ಎಂದು ಜೇವರ್ಗಿಯವಳು ಕೇಳಿದಳು.

‘ಕೆಲಸದಾಗ ಭಾಳ ಹುಷಾರಿದ್ದ ತಂಗಿ. ಅವನ ಮ್ಯಾಲಿನ ಪ್ರೀತಿ ನನಗ ಇನ್ನೂ ಪೂರ್ತಿ ಹೋಗಿಲ್ಲ’ ಎಂದರು ಕಾಕಾ. ‘ಹೋಗಬೇಕಿತ್ತೋ ಏನೋ.’

ತಿದ್ದಿದ ಪಟ್ಟಿಯ ಒಂದು ಜೆರಾಕ್ಸ್ ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟು, ಇಬ್ಬರೂ ನಡೆದು ಮನೆಗೆ ಬಂದೆವು.